ಉರಿ ನಿಂತ ಕಾಲು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಸಾಲು ಕೆಳಕ್ಕೆ ಜಾರುತ್ತದೆ, ಒಳ್ಳೆಯ ಮಾತುಗಳೂ ನನಗೆ ಬರುವುದಿಲ್ಲ. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಆಸ್ಪತ್ರೆಯ ಕಾಲಿನ ವಾರ್ಡಿನ ಸಿಸ್ಟರ್, "ನಿಮ್ಮ ದೊಡ್ಡಪ್ಪನ ವಿಷಯ ನಡೆದದ್ದು ನಡೆದ ಹಾಗೆ ಬರೆದುಕೊಡಮ್ಮ, ಹೊರಗೆ ಬೆಂಚಿನ ಮೇಲೆ ಕಾಯೋರು ಓದಲಿ" ಎಂದರು. ದೊಡ್ಡಪ್ಪನನ್ನು ಕೇಳಿದೆ. "ಬರಿ. ಆದ್ರೆ ನಾನು ಅಳ್ತಿದ್ದೆ ಅಂತ ಮಾತ್ರ ಬರೀಬೇಡ" ಎಂದರು. ಅವರು ಅತ್ತಿಲ್ಲ. ಅಷ್ಟನ್ನು ಮೊದಲೇ ಬರೆದಿದ್ದೇನೆ.

ದೊಡ್ಡಪ್ಪ ಬೇಕರಿಯವರು. ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಭಟ್ಟಿಯ ಕೋಣೆ. ಇಟ್ಟಿಗೆಯ ಆ ಗೂಡಿನೊಳಗೆ ಸೌದೆ ಉರಿಸಿ, ಕೆಂಡವನ್ನೆಲ್ಲ ಹೊರಗೆಳೆದು, ಕಾದ ಇಟ್ಟಿಗೆಯ ಬಿಸಿಯಲ್ಲೇ ಬ್ರೆಡ್ಡು ಬೇಯಿಸಬೇಕು. ಬಿಸಿ ಎಷ್ಟಿದೆ ಎಂದು ನೋಡಲು ನಮ್ಮಲ್ಲಿ ಮೀಟರ್ ಇರಲಿಲ್ಲ. ದೊಡ್ಡಪ್ಪ ಬಲಗೈಯನ್ನು ಮೊಣಕೈತನಕ ಒಳಗಿಟ್ಟು ಎಣಿಸುತ್ತಿದ್ದರು. ಎಂಟಕ್ಕೆ ಕೈ ತಡೆಯದಂತಾದರೆ ಬ್ರೆಡ್ಡಿಗೆ ಹದ. ಹದಿನೈದರತನಕ ತಡೆದರೆ ಬಿಸ್ಕತ್ತಿಗೆ. ಬೀದಿಯವರೆಲ್ಲ ಅವರನ್ನು ಎಣಿಕೆ ಮೇಸ್ತ್ರಿ ಎನ್ನುತ್ತಿದ್ದರು. ಒಬ್ಬ ಸೇಲ್ಸ್‌ನವನು ಮೀಟರ್ ತಂದಾಗ, "ಇದಕ್ಕೆ ಬ್ಯಾಟ್ರಿ ಬೇಕಲ್ಲಪ್ಪ, ನನ್ನ ಕೈಗೆ ಅನ್ನ ಹಾಕಿದ್ರೆ ಸಾಕು" ಎಂದು ಒಂದು ಬನ್ನು ಕೊಟ್ಟು ಕಳಿಸಿದ್ದರು.

ಸಕ್ಕರೆ ಕಾಯಿಲೆ ಅವರಿಗೆ ಹನ್ನೊಂದು ವರ್ಷದಿಂದ ಇತ್ತು. ಮಾತ್ರೆ ನೆನಪಾದರೆ ನುಂಗುತ್ತಿದ್ದರು. ನಾನು ಶಾಲೆ ಬಿಟ್ಟು ಬೇಕರಿಗೆ ಸೇರಿದಾಗ ಅವರಿಗೆ ಪಾದದ ಉರಿ ಜೋರಾಗಿತ್ತು. ಇರುವೆ ಹರಿದ ಹಾಗೆ, ಮೆಣಸಿನಪುಡಿ ಸವರಿದ ಹಾಗೆ ಎನ್ನುತ್ತಿದ್ದರು. ಹಾಸಿದ ಬಟ್ಟೆಯ ನೆರಿಗೆ ತಗುಲಿದರೂ ಕಾಲು ಎಳೆದುಕೊಳ್ಳುತ್ತಿದ್ದರು. ಹಿಟ್ಟು ನಾದುವಾಗ ತಣ್ಣೀರಿನ ಬಾಂಡಲಿಯಲ್ಲಿ ಕಾಲಿಟ್ಟು ಕೂರುತ್ತಿದ್ದರು. ಯಾರೋ ಗಿರಾಕಿ ಹೇಳಿದರೆಂದು ಒಂದು ಕಹಿ ಕಷಾಯ ಶುರುಮಾಡಿದರು.

ಕೆಲವು ತಿಂಗಳಾದ ಮೇಲೆ ಉರಿ ಕಡಿಮೆಯಾಯಿತು. ಆಮೇಲೆ ಪೂರ್ತಿ ನಿಂತಿತು.

"ನೋಡೇ, ಹೋಯ್ತು! ಉರಿ ಹೋಯ್ತು ಅಂದ್ರೆ ಸಕ್ಕರೇನೂ ಹೋಯ್ತು" ಎಂದು ದೊಡ್ಡಮ್ಮನನ್ನು ಕೂಗಿ ಹೇಳಿದರು.

"ಡಾಕ್ಟ್ರು ಹೇಳಿದ್ರೇನ್ರಿ?"

"ಕಾಲು ಯಾರದ್ದು? ನನ್ನದೋ ಡಾಕ್ಟ್ರದ್ದೋ?"

ಆವತ್ತೇ ಮಾತ್ರೆಯ ಡಬ್ಬಿ ಮೇಲಿನ ಕಪಾಟಿಗೆ ಹೋಯಿತು. ನಮಗೆಲ್ಲ ಖುಷಿಯಾಯಿತು. ನನಗೂ ಆಯಿತು. ಇದನ್ನು ಓದುವವರು ಆ ಖುಷಿಯನ್ನೇ ಹೆಚ್ಚು ಗಮನಿಸಬೇಕು ಎಂದು ಕೇಳಿಕೊಳ್ಳುತ್ತೇನೆ.

ಸ್ವಲ್ಪ ದಿನದಲ್ಲಿ ಬ್ರೆಡ್ಡು ಕೆಡತೊಡಗಿತು. ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ದೊಡ್ಡಪ್ಪ ಕೈಯಿಟ್ಟು ಎಣಿಸುವಾಗ ಹನ್ನೆರಡಾದರೂ ಕೈ ತೆಗೆಯುತ್ತಿರಲಿಲ್ಲ. "ಕಾದಿಲ್ಲ ಇದು. ಸೌದೆ ಹಸಿ" ಎಂದು ಮತ್ತೊಂದು ಹೊರೆ ಉರಿಸುತ್ತಿದ್ದರು. ಪಕ್ಕದಲ್ಲಿ ನಿಂತ ನನ್ನ ಮುಖವೇ ಬಾಡುವಷ್ಟು ಬಿಸಿ ಬರುತ್ತಿತ್ತು. ಒಂದು ದಿನ ಧೈರ್ಯ ಮಾಡಿ, "ದೊಡ್ಡಪ್ಪ, ಬಿಸಿ ಜಾಸ್ತಿ ಇದೆ ಅನ್ಸುತ್ತೆ" ಎಂದೆ.

"ಓಹೋ! ನಿನ್ನೆ ಬಂದ ಮೊಟ್ಟೆ ಕೋಳಿಗೆ ಬುದ್ಧಿ ಹೇಳ್ತಿದೆ. ಮೂವತ್ತು ವರ್ಷದ ಕೈ ಇದು, ಪುಟ್ಟಿ. ಎಣಿಸೋಕೆ ಬರೋಲ್ಲ ಅಂತ ತಾನೇ ನೀನು ಶಾಲೆ ಬಿಟ್ಟಿದ್ದು?"

ಅವರು ತಮಾಷೆಗೆ ಅಂದದ್ದು. ಆದರೆ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಇದ್ದರು, ಅವರೂ ನಕ್ಕರು. ಆಮೇಲೆ ನಾನು ಏನನ್ನೂ ಹೇಳುವುದು ಬಿಟ್ಟೆ.

ಇನ್ನು ಬರೆಯುವುದು ಕಷ್ಟದ ಭಾಗ. ಒಂದು ಮಧ್ಯಾಹ್ನ ಕೆಂಡ ಎಳೆಯುವಾಗ ರಬ್ಬರ್ ಸುಟ್ಟ ವಾಸನೆ ಬಂತು. ದೊಡ್ಡಪ್ಪನ ಎಡಗಾಲಿನ ಚಪ್ಪಲಿಯ ಕೆಳಗೆ ಕೆಂಡ ಸಿಕ್ಕಿತ್ತು, ಅದು ನಮಗೆ ತಿಳಿದದ್ದು ಆಮೇಲೆ. ಅವರು ಅದರ ಮೇಲೆಯೇ ನಿಂತು ಟ್ರೇಗಳನ್ನೆಲ್ಲ ಒಳಗೆ ತಳ್ಳಿದರು. "ಏನೋ ಸುಟ್ಟಿದೆ ನೋಡು, ಚೀಲ ಗೀಲ ಬಿತ್ತೇನೋ" ಎಂದರು. ನಾನು ಚೀಲ ಹುಡುಕಿದೆ.

ಮರುದಿನ ನೆಲದ ಮೇಲೆ ಬಿದ್ದ ಮೈದಾದಲ್ಲಿ ಅವರ ಬರಿಗಾಲಿನ ಹೆಜ್ಜೆಗಳು ಮೂಡಿದ್ದವು. ಬಲ ಹೆಜ್ಜೆ ಒಣಗಿತ್ತು. ಎಡ ಹೆಜ್ಜೆಯಲ್ಲಿ ಹೆಬ್ಬೆರಳಿನ ಕೆಳಗೆ ರೂಪಾಯಿಯಗಲದ ಒದ್ದೆ. ಜಾಮ್ ಚೆಲ್ಲಿದೆ ಎಂದುಕೊಂಡು ಗುಡಿಸಿದೆ. ಎರಡನೇ ದಿನವೂ ಇತ್ತು. ಆವತ್ತು ನಾವು ಜಾಮ್ ಮುಟ್ಟಿರಲಿಲ್ಲ. ಅದು ನನಗೆ ಗೊತ್ತಿತ್ತು. ಬಗ್ಗಿ ಮೂಸಿದೆ, ಕೀವಿನ ವಾಸನೆ. ಗೊತ್ತಾದ ಮೇಲೂ ಗುಡಿಸಿದೆ. ಅವರು ನೆಟ್ಟಗೆ ನಡೆಯುತ್ತಿದ್ದಾರೆ, ಕುಂಟುತ್ತಿಲ್ಲ, ನೋವಿದ್ದರೆ ಅವರೇ ಹೇಳುವುದಿಲ್ಲವೇ ಎಂದುಕೊಂಡೆ. ಮತ್ತೆ ನಗುತ್ತಾರೆ ಎಂಬ ಅಂಜಿಕೆಯೂ ಇತ್ತು. ಹೀಗೆ ಐದು ದಿನ ಗುಡಿಸಿದೆ.

ಆರನೇ ದಿನ ಅವರಿಗೆ ಚಳಿಜ್ವರ. ದೊಡ್ಡಮ್ಮ ಕಾಲಿಗೆ ಕಂಬಳಿ ಹೊದಿಸಲು ಹೋಗಿ ಕಿರುಚಿದರು. ಪಾದ ಪಾದದಂತಿರಲಿಲ್ಲ. ಹೆಬ್ಬೆರಳು ಕಪ್ಪಾಗಿತ್ತು, ಮೇಲೆ ಕಣಕಾಲಿನ ಗಂಟಿನತನಕ ಕೆಂಪು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆ ತೆಗೆದು, ಕಣ್ಣು ಮುಚ್ಚಲು ಹೇಳಿ, ಅವರ ಒಳ್ಳೆಯ ಕಾಲಿಗೆ, ಬಲಗಾಲಿಗೆ ಅಲ್ಲಲ್ಲಿ ಒತ್ತಿದರು.

"ಮುಟ್ಟಿದಾಗ ಹೇಳಿ, ಯಜಮಾನ್ರೇ."

"ನೀವು ಮುಟ್ಟಿ ಮೊದ್ಲು, ಆಮೇಲೆ ಹೇಳ್ತೀನಿ" ಎಂದು ದೊಡ್ಡಪ್ಪ ನಕ್ಕರು.

ಅಷ್ಟರಲ್ಲಿ ಡಾಕ್ಟರಮ್ಮ ಹತ್ತು ಕಡೆ ಮುಟ್ಟಿಯಾಗಿತ್ತು. ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಡಾಕ್ಟರಮ್ಮ ಆ ಎಳೆಯನ್ನು ದೊಡ್ಡಪ್ಪನ ಕೈಬೆರಳುಗಳಿಗೆ ಒತ್ತಿದರು. ಹತ್ತರಲ್ಲಿ ಮೂರು ತಿಳಿಯಿತು.

ಡಾಕ್ಟರಮ್ಮ ಹೇಳಿದ್ದನ್ನು ಅವರಿಂದ ಎರಡು ಸಲ ಕೇಳಿ ಬರೆದುಕೊಂಡಿದ್ದೇನೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ನರಗಳೂ, ನರಗಳಿಗೆ ರಕ್ತ ಕೊಡುವ ಸಣ್ಣ ನಾಳಗಳೂ ಕೆಡುತ್ತವೆ. ಎಲ್ಲಕ್ಕಿಂತ ಉದ್ದದ ನರಕ್ಕೆ ಮೊದಲ ಪೆಟ್ಟು, ಆದ್ದರಿಂದ ಕಾಲ್ಬೆರಳಿನಿಂದ ಶುರು. ಅದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಿಗೂ ತಟ್ಟುತ್ತದೆ. ಉರಿ ಎಂದರೆ ನರ ಇನ್ನೂ ಕೂಗುತ್ತಿದೆ ಎಂದರ್ಥ. ಔಷಧಿಯಿಲ್ಲದೆ ಉರಿ ತಾನಾಗಿ ನಿಂತರೆ ವಾಸಿಯಾಯಿತು ಎಂದುಕೊಳ್ಳಬಾರದು, ನರ ಸತ್ತಿರಲೂಬಹುದು. ಸಕ್ಕರೆಯೊಂದೇ ಕಾರಣ ಎಂದುಕೊಂಡು ಬಿಡಬಾರದೆಂದು ಬೇರೆಯವನ್ನೂ ಕೇಳಿದರು. ಕುಡಿತ ಇದೆಯಾ, ಕ್ಷಯಕ್ಕೆ ಮಾತ್ರೆ ತಗೊಂಡಿದ್ದೀರಾ, ಥೈರಾಯ್ಡ್ ಇದೆಯಾ, ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದೆಯಾ. ಬಿ ಹನ್ನೆರಡು ಎಂಬ ವಿಟಮಿನ್ ಕಡಿಮೆಯಾದರೂ, ಮೂತ್ರಪಿಂಡ ಕೆಟ್ಟರೂ, ಕೆಲವು ಕ್ಯಾನ್ಸರ್ ಔಷಧಿಗಳಿಂದಲೂ ಹೀಗಾಗುತ್ತದಂತೆ. ಅದಕ್ಕೆಲ್ಲ ರಕ್ತ ತೆಗೆದರು.

"ಕುಡಿತ ಇಲ್ಲ, ಡಾಕ್ಟ್ರಮ್ಮ. ಕಷಾಯ ಮಾತ್ರ" ಎಂದರು ದೊಡ್ಡಪ್ಪ. ಈ ಸಲ ಯಾರೂ ನಗಲಿಲ್ಲ.

ಮೊದಲು ಹೆಬ್ಬೆರಳು ತೆಗೆದರು. ನಂಜು ನಿಲ್ಲಲಿಲ್ಲ. ಒಂಬತ್ತನೇ ದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗಾಯ್ತು" ಎಂದು ದೊಡ್ಡಮ್ಮ ಗೋಡೆಯ ಕಡೆ ತಿರುಗಿ ಹೇಳುತ್ತಲೇ ಇದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಆ ಐದು ದಿನಗಳು ನೆನಪಾಗುತ್ತಿದ್ದವು.

ನಾಲ್ಕನೇ ವಾರ ದೊಡ್ಡಪ್ಪ ನನ್ನನ್ನು ಹತ್ತಿರ ಕರೆದರು. "ಪುಟ್ಟಿ, ಹಾಸಿಗೆ ಕೊನೇಲಿ ನೋಡು. ಎಡಗಾಲಿನ ಹೆಬ್ಬೆರಳು ಉರೀತಿದೆ."

ಅಲ್ಲಿ ಬರೀ ಚಾದರ ಇತ್ತು. "ಅಲ್ಲಿ ಏನೂ ಇಲ್ಲ, ದೊಡ್ಡಪ್ಪ."

"ಗೊತ್ತು ಕಣಮ್ಮ. ಇದ್ದಾಗ ಸುಮ್ನಿತ್ತು. ಈಗ ಬಾಯಿ ಬಂದಿದೆ ಮುಂಡೇದಕ್ಕೆ."

ಆಗ ನಾನು ಮೈದಾದ ಮೇಲಿನ ಹೆಜ್ಜೆಯ ವಿಷಯ ಹೇಳಿದೆ. ಐದು ದಿನ ಗುಡಿಸಿದ್ದನ್ನೂ ಹೇಳಿದೆ. "ಹೇಳಿದ್ರೆ ನಾನು ಕೇಳ್ತಿದ್ನೋ ಇಲ್ವೋ" ಎಂದರು. "ಆದ್ರೂ ಹೇಳ್ಬೇಕಿತ್ತು." ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ನೀರು ಕೇಳಿದರು.

ಬಲಗಾಲಿನ ನರಗಳೂ ಹಾಗೆಯೇ ಕೆಟ್ಟಿವೆ, ಉಳಿಸಿಕೊಳ್ಳಬೇಕಾದರೆ ದಿನಾ ನೋಡಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ದೊಡ್ಡಪ್ಪನಿಗೆ ಬಗ್ಗಲು ಆಗುವುದಿಲ್ಲ. ದೊಡ್ಡಮ್ಮನಿಗೆ ಹತ್ತಿರದ್ದು ಕಾಣುವುದಿಲ್ಲ. ನಾಳೆ ದೊಡ್ಡಪ್ಪನನ್ನು ಮನೆಗೆ ಕಳಿಸುತ್ತಾರೆ. ನಾಳೆಯಿಂದ ದಿನಾ ಸಂಜೆ ನಾನು ಆ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಅಂಗಾಲನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಏನಾದರೂ ಕಂಡರೆ ಆ ಕ್ಷಣವೇ ಗಟ್ಟಿಯಾಗಿ ಹೇಳುತ್ತೇನೆ.