ಮೂರನೆಯ ಡಬ್ಬಿ

ಕಳೆದ ಮಂಗಳವಾರ ಬೆಳಿಗ್ಗೆ ಮುಂಬಯಿಯ ವಿಕ್ರೋಳಿಯಲ್ಲಿದ್ದ ನಮ್ಮ ಹಳೆಯ ಚಾಳನ್ನು ಕೆಡವಲು ಶುರು ಮಾಡಿದರು. ಸುದ್ದಿ ತಿಳಿದು ನೋಡಿ ಬರಲು ಹೋಗಿದ್ದೆ. ಎರಡನೆಯ ಮಹಡಿಯ ಸಾಲು ನಲ್ಲಿಗಳ ಕೆಳಗಿದ್ದ ಶಹಾಬಾದಿ ಕಲ್ಲನ್ನು ಕಿತ್ತು ರಸ್ತೆಯ ಬದಿಗೆ ಒರಗಿಸಿದ್ದರು. ಅದರ ಒಂದು ಮೂಲೆಯಲ್ಲಿ ಅಂಗೈಯಗಲದ ಗುಲಾಬಿ ಕಲೆ ಹಾಗೆಯೇ ಇತ್ತು.

ಆ ಕಲೆ ಪಕ್ಕದ ಖೋಲಿಯ ಅಕ್ಕನದು. ಅಕ್ಕ ಬಾಗಲಕೋಟೆಯ ಕಡೆಯವರು. ಒಂದು ಕ್ಷಯರೋಗ ತಪಾಸಣಾ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಕಫವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ. ಆ ಬಣ್ಣ ಅವರ ಉಗುರಿನ ಸಂದಿಯಿಂದ ಎಂದೂ ಹೋಗಲಿಲ್ಲ. ಪ್ರತಿ ಶನಿವಾರ ಆ ನಲ್ಲಿಯ ಕೆಳಗೆ ಏಪ್ರನ್ ಒಗೆಯುತ್ತಿದ್ದರು. ಉಳಿದ ಹೆಂಗಸರು ತಮ್ಮ ಬಕೆಟ್ಟನ್ನು ಎರಡು ನಲ್ಲಿ ಆಚೆಗೆ ಒಯ್ಯುತ್ತಿದ್ದರು.

"ಓಡ್ರಿ ಓಡ್ರಿ, ನನ್ನ ಏಪ್ರನ್ ಕೆಮ್ಮತೈತಿ" ಎಂದು ಅಕ್ಕ ನಗುತ್ತಿದ್ದರು.

ನಾನು ಆಗ ಒಂದು ಕನ್ನಡ ಪತ್ರಿಕೆಗೆ ಕೋರ್ಟಿನ ವರದಿ ಮಾಡುತ್ತಿದ್ದೆ. ಉಡುಪಿಯಿಂದ ಬಂದ ಒಂಟಿ ಮನುಷ್ಯ. ಭಾನುವಾರ ಅವರ ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ ಬರುತ್ತಿತ್ತು. ಜೊತೆಗೆ ಒಂದು ಮಾತೂ. "ತಮ್ಮಾ, ನಿಮ್ಮ ಪೇಪರ್‌ನ್ಯಾಗ ಸುದ್ದಿ ಯಾವಾಗ ಬರತೈತಿ? ಬರೇ ಸಂಘದ ವಾರ್ಷಿಕೋತ್ಸವ, ಶಾಲು ಹೊದಿಸಿದ ಫೋಟೋ..."

ಅವರಿಗೆ ಒಬ್ಬನೇ ತಮ್ಮ. ಬಾಂದ್ರಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವನನ್ನು ತಾಮ್ರದ ತಂತಿ ಕದ್ದ ಆರೋಪದ ಮೇಲೆ ಬಂಧಿಸಿದ್ದರು. ಜಾಮೀನಿಗೆ ನಿಲ್ಲುವವರು ಸಿಗದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಒಂದು ದಿನ ಅವನನ್ನು ಕಾಣಲು ಜೈಲಿನ ಮುಲಾಕಾತಿಗೆ ಹೋಗಿ ಬಂದ ಅಕ್ಕ, ತಮ್ಮ ಸೊರಗಿದ್ದಾನೆ, ಮಾತಿನ ನಡುವೆ ಬಾಯಿಗೆ ಅಂಗಿ ಒತ್ತಿಕೊಳ್ಳುತ್ತಾನೆ ಎಂದರು. ಆ ಕೆಮ್ಮು ಎಂಥದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಜೈಲಿನ ವೈದ್ಯರಿಗೆ ಅರ್ಜಿ ಕೊಟ್ಟರು. ವೈದ್ಯರು ಕಫ ಪರೀಕ್ಷೆಗೆ ಬರೆದುಕೊಟ್ಟರು. ಆ ಜೈಲಿನ ಕಫದ ಡಬ್ಬಿಗಳು ಬರುತ್ತಿದ್ದುದು ಅಕ್ಕನ ಮೇಜಿಗೇ.

ಮೊದಲ ಡಬ್ಬಿಯಲ್ಲಿದ್ದದ್ದು ಕಫವಲ್ಲ, ಉಗುಳು. ರೋಗಾಣು ಶ್ವಾಸಕೋಶದ ಆಳದಲ್ಲಿರುತ್ತದೆ. ಬಾಯಿಯ ನೀರಿನಲ್ಲಿ ಸಿಗುವುದು ಅಪರೂಪ. ಅಕ್ಕ ಅದನ್ನೂ ನಿಯಮದಂತೆ ಪರೀಕ್ಷಿಸಿದರು. ಮಾದರಿ ಹೇಗಿದೆ ಎಂಬ ಕಾಲಮಿನಲ್ಲಿ 'ಉಗುಳು, ಮತ್ತೆ ಕಳಿಸಿ' ಎಂದು ಬರೆದರು. ಫಲಿತಾಂಶದ ಕಾಲಮಿನಲ್ಲಿ 'ನೆಗೆಟಿವ್'. ಎರಡನೆಯ ಡಬ್ಬಿಯೂ ಹಾಗೆಯೇ ಬಂತು. ಮೊದಲ ಕಾಲಮನ್ನು ಜೈಲಿನಲ್ಲಿ ಯಾರೂ ಓದುವುದಿಲ್ಲ ಎಂಬುದು ಅವರಿಗೆ ಆಗ ತಿಳಿಯಿತು.

ಮುಂದಿನ ಮುಲಾಕಾತಿಗೆ ನಾನೂ ಜೊತೆಗೆ ಹೋಗಿದ್ದೆ. ಗಾಜಿನ ಈಚೆಗೆ ಫೋನ್ ಹಿಡಿದು ಅಕ್ಕ, ಬಾಯಿ ಮುಕ್ಕಳಿಸಿ, ಮೂರು ಸಲ ಉಸಿರು ಎಳೆದುಕೊಂಡು ಎದೆಯಿಂದ ಹೇಗೆ ಕೆಮ್ಮಬೇಕೆಂದು ಮಾಡಿ ತೋರಿಸಿದರು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಹುಡುಗ ನಕ್ಕ. ಅವನು ಹೇಳಿದ್ದನ್ನು ಅಕ್ಕ ಹೊರಗೆ ಬಂದು ನನಗೆ ಹೇಳಿದರು.

"ನನಗ ಗೊತ್ತೈತೆಕ್ಕಾ, ಬೇಕಂತಲೇ ಉಗುಳಿ ಕೊಟ್ಟೀನಿ ಅಂದ. ಕಫ ಕೊಟ್ರ ಟಿಬಿ ಅಂತಾರ, ಬ್ಯಾರೇ ಬ್ಯಾರಕ್‌ನ್ಯಾಗ ಹಾಕ್ತಾರ, ಕೋರ್ಟಿನ ಗಾಡಿ ಹತ್ತಿಸೂದಿಲ್ಲ, ತಾರೀಖು ಹೋಕ್ಕೈತಿ ಅಂತಾನ. ಬರೋ ತಾರೀಖಿಗೆ ಜಾಮೀನು ಆಕ್ಕೈತಂತ. ಹೊರಗ ಬಂದು ಎಷ್ಟು ಬೇಕಾದ್ರೂ ಕೆಮ್ಮತಾನಂತ."

ಬ್ಯಾರಕಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರಂತೆ. ರೋಗಿಗಳನ್ನು ಕೋರ್ಟಿಗೆ ಕರೆದೊಯ್ಯಬಾರದೆಂಬ ನಿಯಮ ಇದೆಯೇ ಎಂದು ನಾನು ವಿಚಾರಿಸಿದೆ. ಬರಹದಲ್ಲಿ ಎಲ್ಲಿಯೂ ಇರಲಿಲ್ಲ. ಮುಂದಿನ ವಾರ ಅಕ್ಕ ಅದನ್ನು ಹೇಳಲು ಹೋದರು. ತಮ್ಮ ಒಪ್ಪಿಕೊಂಡನೋ ಇಲ್ಲವೋ ಅವರಿಗೆ ತಿಳಿಯಲಿಲ್ಲ.

ಮೂರನೆಯ ಡಬ್ಬಿ ಬಂದ ದಿನ ಸಂಜೆ ಅಕ್ಕ ನನ್ನ ಬಾಗಿಲಿಗೆ ಬಂದರು. ಅದರಲ್ಲೂ ಉಗುಳೇ ಇತ್ತು. ರಿಪೋರ್ಟ್ ಇನ್ನೂ ಬರೆದಿರಲಿಲ್ಲ.

"ತಮ್ಮಾ, ಒಂದು ಪ್ಲಸ್ ಹಾಕಿದ್ರ ಏನಾಕ್ಕೈತಿ?" ಎಂದರು.

ರೋಗಾಣು ಕಂಡರೆ ಪ್ಲಸ್ ಚಿಹ್ನೆ ಬರೆಯುವುದು ಅಲ್ಲಿನ ಪದ್ಧತಿ. ಒಂದು ಪ್ಲಸ್ ಬಿದ್ದರೆ ಮರುದಿನದಿಂದ ಗುಳಿಗೆ ಶುರು.

"ನೀವು ಕಂಡಿದ್ದೀರಾ ಅಕ್ಕ?"

"ಸ್ಲೈಡ್‌ನ್ಯಾಗ ಕಂಡಿಲ್ಲ. ಅವನ ಮಾರಿ ಮ್ಯಾಲೆ ಕಂಡೀನಿ."

ನಾನು ಕೋರ್ಟಿನಲ್ಲಿ ಸುಳ್ಳು ರಿಪೋರ್ಟುಗಳ ಗತಿ ನೋಡಿದ್ದವನು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಅವರು ಬರೆದ ಹಿಂದಿನ ರಿಪೋರ್ಟುಗಳನ್ನೂ ಯಾರೂ ನಂಬುವುದಿಲ್ಲ ಎಂದೆ. "ಕಂಡದ್ದನ್ನೇ ಬರೀಬೇಕಲ್ಲ ಅಕ್ಕ" ಎಂದೆ. ನಮ್ಮ ಸುದ್ದಿಮನೆಯಲ್ಲಿ ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಮಾತು ಅದು.

ಅಕ್ಕ ಉಗುರು ಉಜ್ಜಿಕೊಳ್ಳುತ್ತ ತಮ್ಮ ಖೋಲಿಗೆ ಹೋದರು. ಮರುದಿನ 'ನೆಗೆಟಿವ್' ಎಂದೇ ಬರೆದರು.

ಮೂರು ನೆಗೆಟಿವ್ ಆದ ಮೇಲೆ ಜೈಲಿನವರು ಕೆಮ್ಮಿನ ಸಿರಪ್ ಕೊಟ್ಟು ಪರೀಕ್ಷೆ ನಿಲ್ಲಿಸಿದರು. ಎಕ್ಸ್‌ರೇಗೆ ಅಕ್ಕ ಕೊಟ್ಟ ಅರ್ಜಿಗೆ, ಆಸ್ಪತ್ರೆಗೆ ಕರೆದೊಯ್ಯಲು ಪೊಲೀಸ್ ಬೆಂಗಾವಲು ಸಿಕ್ಕಾಗ ನೋಡೋಣ ಎಂಬ ಉತ್ತರ ಬಂತು. ಹುಡುಗ ಕಾಯುತ್ತಿದ್ದ ತಾರೀಖಿಗೂ ಬೆಂಗಾವಲು ಸಿಗದೆ ಅವನನ್ನು ಕೋರ್ಟಿಗೆ ತರಲಿಲ್ಲ. ಮತ್ತೊಂದು ತಾರೀಖು ಕೊಟ್ಟರು. ಅದು ಬರುವ ಮೊದಲೇ ರಕ್ತ ಕಾರಿದ ಅವನನ್ನು ಆಸ್ಪತ್ರೆಗೆ ಒಯ್ದರು. ಎರಡನೆಯ ದಿನ ಸತ್ತ. ಅಲ್ಲಿ ತೆಗೆದ ಕಫದ ರಿಪೋರ್ಟ್ ಮೂರು ಪ್ಲಸ್.

ಸುದ್ದಿಯನ್ನು ನಾನೇ ಬರೆದೆ. ಮೂರು ಪ್ಯಾರಾ. 'ಮೂರು ಬಾರಿ ಪರೀಕ್ಷಿಸಿದರೂ ರೋಗ ಕಂಡುಬಂದಿರಲಿಲ್ಲ' ಎಂಬ ಜೈಲು ಅಧಿಕಾರಿಯ ಹೇಳಿಕೆ ಎರಡನೆಯ ಪ್ಯಾರಾದಲ್ಲಿತ್ತು. ಭಾನುವಾರ ಅಕ್ಕ ಪೇಪರ್ ಮಡಚಿ ನನ್ನ ಕೈಗೆ ಕೊಟ್ಟರು.

"ಎಲ್ಲಾ ಖರೇನ ಬರದೀ ತಮ್ಮಾ" ಎಂದರು. ಆಮೇಲಿನ ಭಾನುವಾರಗಳಲ್ಲಿ ರೊಟ್ಟಿ ಬಂತು, ಮಾತು ಬರಲಿಲ್ಲ.

ಅಕ್ಕ ಅದೇ ಮೇಜಿನಲ್ಲಿ ಇನ್ನೂ ಕೆಲವು ವರ್ಷ ಕೆಲಸ ಮಾಡಿದರು. ಆಮೇಲೆ ಅಲ್ಲಿಗೆ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಯಂತ್ರ ಬಂತು. ಎರಡು ಗಂಟೆಯಲ್ಲಿ ಉತ್ತರ ಹೇಳುತ್ತದೆ, ನೋಡಲು ಬನ್ನಿ ಎಂದು ಕೇಂದ್ರದವರು ಪತ್ರಕರ್ತರನ್ನು ಕರೆದಿದ್ದರು. ಹೋಗಿದ್ದೆ. ಯಂತ್ರದ ಪಕ್ಕದಲ್ಲಿ ಅಕ್ಕ ನಿಂತಿದ್ದರು. ಎಲ್ಲರೂ ಫೋಟೋ ತೆಗೆದ ಮೇಲೆ ನನ್ನ ಕಡೆ ತಿರುಗಿ, "ಇದಕ್ಕೂ ಕಫಾನೇ ಬೇಕು ತಮ್ಮಾ" ಎಂದರು. ನಾವು ಆಡಿದ ಕೊನೆಯ ಮಾತು ಅದಿರಬೇಕು... ನಾನು ಚಾಳು ಬಿಟ್ಟೆ. ಅವರು ನಿವೃತ್ತರಾಗಿ ಊರಿಗೆ ಹೋದರು. ಕಳೆದ ವರ್ಷ ತೀರಿಕೊಂಡರೆಂದು ಮಂಗಳವಾರ ಆ ರಸ್ತೆಯಲ್ಲಿ ಸಿಕ್ಕ ಹಳೆಯ ನೆರೆಯವರು ಹೇಳಿದರು. ಏನಾಗಿತ್ತೆಂದು ಅವರಿಗೂ ತಿಳಿದಿರಲಿಲ್ಲ. ನಾವು ಮಾತನಾಡುತ್ತಿದ್ದಾಗಲೇ ಆ ಕಲ್ಲನ್ನು ಲಾರಿಗೆ ಹಾಕಿದರು.

ಮನೆಗೆ ಬಂದು ಕೋರ್ಟಿನ ಜಾಲತಾಣದಲ್ಲಿ ಹುಡುಗನ ಹೆಸರು ಹಾಕಿ ನೋಡಿದೆ. ಪ್ರಕರಣ ಬಾಕಿ ಇದೆ. ಜೈಲಿನಿಂದ ಮರಣದ ವರದಿ ಬಂದ ನಮೂದು ಇಲ್ಲ. ಕೊನೆಯ ನಮೂದು ಕಳೆದ ತಿಂಗಳದು: ಆರೋಪಿಯನ್ನು ಹಾಜರುಪಡಿಸಿಲ್ಲ, ಮುಂದಿನ ತಾರೀಖು ಕೊಡಲಾಗಿದೆ.