ಮೆಟ್ಟಿಲ ಕೆಳಗಿನ ಡ್ರಮ್ಮು

ಕಂಡಕ್ಟರನ್ನು ಅಜ್ಜಿ ಮೊದಲು ನೋಡಿದ್ದೇ ಅವರು ಕೋಪದಲ್ಲಿದ್ದಾಗ. ಮಹಡಿ ಮನೆಗೆ ಬಾಡಿಗೆಗೆ ಬಂದ ಮೂರನೇ ದಿನ ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಮೆಟ್ಟಿಲ ಕೆಳಗಿನ ನೀಲಿ ಡ್ರಮ್ಮಿಗೆ ಹಾಕಿ ಬಂದಿದ್ದಳು. ಐದೇ ನಿಮಿಷಕ್ಕೆ ಕೆಳಮನೆಯ ನಿವೃತ್ತ ಬಸ್ ಕಂಡಕ್ಟರು ಅದೇ ಕವರು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅಮ್ಮಾ, ಈ ಕವರು ಕೊಳೆಯೋದ್ರೊಳಗೆ ನಾವಿಬ್ರೂ ಕೊಳೆತಿರ್ತೀವಿ."

ಅದು ಗೊಬ್ಬರದ ಡ್ರಮ್ಮೆಂದು ಅಜ್ಜಿಗೆ ಗೊತ್ತಾದದ್ದು ಆಗ. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಒಣಗಿದೆಲೆ. ಮೂರು ದಿನಕ್ಕೊಮ್ಮೆ ಕೋಲಿನಿಂದ ಮಗುಚಬೇಕು. ಕೈ ಇಟ್ಟರೆ ಒಳಗೆ ಬೆಚ್ಚಗಿರಬೇಕು, ತಣ್ಣಗಾದರೆ ಗೊಬ್ಬರ ಸತ್ತಂತೆ. ಕೆಲಸ ಬಿಟ್ಟ ಮೇಲೆ ಕಂಡಕ್ಟರಿಗೆ ಬೈಯಲು ಪ್ರಯಾಣಿಕರಿರಲಿಲ್ಲ, ನೋಡಿಕೊಳ್ಳಲು ಇದೊಂದೇ ಇತ್ತು.

ಒಂದು ದಿನ ಮನೆ ಮಾಲೀಕ ಮೂಗು ಮುಚ್ಚಿಕೊಂಡೇ ಬಂದು, ಇನ್ನೊಮ್ಮೆ ನಾತ ಬಂದರೆ ಡ್ರಮ್ಮು ಕಸದ ಲಾರಿಗೆ ಎಂದು ಹೇಳಿ ಹೋದ. ಅಷ್ಟರಲ್ಲಿ ತನ್ನ ಸಿಪ್ಪೆಯನ್ನೂ ಅದಕ್ಕೇ ಹಾಕುತ್ತಿದ್ದ ಅಜ್ಜಿಗೆ ಸಿಟ್ಟು ಬಂತು. ನಾತ ಅಡಗಿ ಡ್ರಮ್ಮು ಹೇಗಾದರೂ ಉಳಿಯಲಿ ಎಂದು, ಕಂಡಕ್ಟರು ಹಾಲಿಗೆ ಹೋದ ಹೊತ್ತಿನಲ್ಲಿ ದಿನವೂ ಅದಕ್ಕೆ ಒಂದು ಮುಚ್ಚಳ ಫಿನಾಯಿಲು ಹಾಕಿದಳು. ಒಂದು ದಿನವೂ ತಪ್ಪಿಸಲಿಲ್ಲ, ಅಳತೆಯನ್ನೂ ಮೀರಲಿಲ್ಲ.

ಹನ್ನೊಂದನೇ ದಿನ ಡ್ರಮ್ಮು ತಣ್ಣಗಾಯಿತು. ಆಮೇಲೆ ನಿಜವಾದ ನಾತ ಎದ್ದಿತು.

ಕಂಡಕ್ಟರು ಮಾಲೀಕನ ಮೇಲೆ ಹರಿಹಾಯ್ದರು. ವಿಷ ಹಾಕಿದವನು ನೀನೇ ಎಂದು ಕೂಗಿದ ಕೂಗಿಗೆ ಬೀದಿಯ ಕಿಟಕಿಗಳೆಲ್ಲ ತೆರೆದವು. ಹಾಗಾದರೆ ಮನೆಯನ್ನೇ ಖಾಲಿ ಮಾಡಿ ಎಂದು ಅವನೂ ದನಿ ಏರಿಸಿದ. ಅಜ್ಜಿ ಒಂದೊಂದೇ ಮೆಟ್ಟಿಲು ಇಳಿದು ಇಬ್ಬರ ನಡುವೆ ನಿಂತಳು.

"ಹಾಕಿದ್ದು ನಾನು. ದಿನಾ ಒಂದು ಮುಚ್ಚಳ."

ಕಂಡಕ್ಟರು ಅವಳತ್ತ ತಿರುಗಿದರು. "ನೆಲ ಒರೆಸೋಕೂ ಅಡುಗೆಗೂ ನಿಮ್ಮನೇಲಿ ಒಂದೇ ಬಾಟ್ಲೀನಾ?" ಅಷ್ಟು ಕೇಳಿ ಒಳಗೆ ಹೋಗಿ ಬಾಗಿಲು ಬಡಿದುಕೊಂಡರು.

ಮಾಲೀಕ ನಾತ ಹೋಗಲು ಹದಿನೈದು ದಿನದ ಗಡುವು ಕೊಟ್ಟ. ಅಜ್ಜಿಗೆ ಅವನ ಮೇಲೆಷ್ಟು ಸಿಟ್ಟಿತ್ತೋ ತನ್ನ ಮೇಲೂ ಅಷ್ಟೇ. ಏಳು ಬಕೆಟ್ ನೀರಲ್ಲಿ ಡ್ರಮ್ಮು ತೊಳೆದಳು, ಬೀದಿಯೆಲ್ಲ ತಿರುಗಿ ಎಲೆ ಆಯ್ದಳು, ಹಿಡಿಹಿಡಿಯಾಗಿ ಅಳೆದು ಹಾಕಿದಳು. ಕಂಡಕ್ಟರು ಕಿಟಕಿಯಿಂದ ನೋಡುತ್ತಿದ್ದರು. ಗಡುವಿನ ದಿನ ಮಾಲೀಕ ಬಂದು ಮೂಸಿ ನೋಡಿದ, ಬೈಯಲು ಏನೂ ಸಿಗದೆ ಹೋದ.

ಅದೇ ವಾರ ಕಂಡಕ್ಟರಿಗೆ ಉಬ್ಬಸ ಏರಿತು. ಆಸ್ಪತ್ರೆಗೆ ಒಯ್ಯಲು ಗಾಡಿ ಬಂದಾಗ ಅಜ್ಜಿ ಹತ್ತಿರ ಹೋಗಿ, ಡ್ರಮ್ಮು ಚೆನ್ನಾಗಿದೆ ಎಂದಳು. ಸಿಟ್ಟು ಅವರ ಕಣ್ಣಲ್ಲಿ ಹಾಗೇ ಇತ್ತು.

"ಕೈ ಇಟ್ಟು ನೋಡಿದ್ರಾ, ಇಲ್ಲ ಸುಮ್ನೆ ಹೇಳ್ತಿದೀರಾ? ಬೆಚ್ಚಗಿದೆಯಾ?"