ಅಲ್ ಖೋರಿನ ಟೇಪಿನಲ್ಲಿದ್ದ ಗುನುಗು

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ. ದೋಹಾದ ಒಂದು ಸ್ಟುಡಿಯೋದಲ್ಲಿ ನಾನು ಸೌಂಡ್ ಎಂಜಿನಿಯರ್ ಆಗಿದ್ದೆ. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ, ಅವುಗಳ ಸದ್ದಿನ ಕೊಳೆ ತೆಗೆಯುವುದು ನನ್ನ ಕೆಲಸ. ಸುರತ್ಕಲ್ಲಿನಿಂದ ಬಂದು ಹತ್ತೊಂಬತ್ತು ವರ್ಷ ಇದೇ ಕಸುಬು ಮಾಡಿದ್ದರಿಂದ ನನ್ನ ಕಿವಿಯ ಬಗ್ಗೆ ನನಗೆ ತುಸು ಜಂಬವೇ ಇತ್ತು.

ಆ ಚಳಿಗಾಲ ಮುತ್ತಿನ ಬೇಟೆಯ ಕುರಿತ ಪ್ರದರ್ಶನವೊಂದಕ್ಕೆ ಹಳೆಯ ಹಾಡೊಂದನ್ನು ಸಿದ್ಧಪಡಿಸಬೇಕಿತ್ತು. ಇಲ್ಲಿ ಅದನ್ನು ಕೇಳದವರೇ ಇಲ್ಲ. ಮದುವೆಗಳಲ್ಲಿ ಚಪ್ಪಾಳೆ ತಟ್ಟಿ ಹಾಡುತ್ತಾರೆ, ನಮ್ಮ ಕನ್ನಡ ಕೂಟದ ಮಕ್ಕಳೂ ಅದಕ್ಕೆ ಕುಣಿದಿದ್ದಾರೆ. ಸ್ಟುಡಿಯೋದ ಹಮೀದ್ ಕಾಕ ಉಳ್ಳಾಲದವರು, ನಲವತ್ತು ವರ್ಷ ಇಲ್ಲಿದ್ದು ಅರಬ್ಬಿಯನ್ನು ಅರೆದು ಕುಡಿದವರು. ಅವರ ಮೊಬೈಲಿನ ರಿಂಗ್‌ಟೋನೂ ಅದೇ. ಪ್ರದರ್ಶನದ ಫಲಕದಲ್ಲಿ ‘ನಾವಿಕರ ಸಂತಸದ ಹಾಡು’ ಎಂದು ಬರೆಸಿಯೂ ಆಗಿತ್ತು.

ಎಪ್ಪತ್ತರ ದಶಕದ ಟೇಪು ಅಂಟಂಟಾಗಿತ್ತು. ಹದವಾಗಿ ಬಿಸಿ ಮಾಡಿ, ಒಮ್ಮೆ ಓಡಿಸಿ ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ಮೇಲಿನ ಕಂದು ಲೇಪ ಪುಡಿಯಾಗಿ ಉದುರಿತು. ಇನ್ನೊಮ್ಮೆ ಓಡಿಸುವ ಮಾತೇ ಇರಲಿಲ್ಲ. ಹಾಡಿನ ಅಡಿಯಲ್ಲಿ ‘ಹೂಂ’ ಎಂಬ ಸದ್ದು ಉದ್ದಕ್ಕೂ ಇತ್ತು. ಕರೆಂಟಿನ ತಂತಿಯಿಂದ ರೆಕಾರ್ಡಿಂಗಿಗೆ ಸೇರಿಕೊಳ್ಳುವ ‘ಹಮ್’ ಅದು ಎಂದುಕೊಂಡೆ. ನಮ್ಮಲ್ಲೊಂದು ಕ್ರಮವಿದೆ: ಕೊಳೆ ಮಾತ್ರ ಕೇಳುವ ಕೆಲವು ಸೆಕೆಂಡು ಆರಿಸಿ, ಇದು ಬೇಡ ಎಂದು ಸಾಫ್ಟ್‌ವೇರಿಗೆ ಕಲಿಸಿದರೆ ಅದು ಇಡೀ ಹಾಡಿನಿಂದ ಅದನ್ನು ಹೆಕ್ಕಿ ತೆಗೆಯುತ್ತದೆ. ಪದ ಶುರುವಾಗುವ ಮುಂಚಿನ ಮೂವತ್ತು ಸೆಕೆಂಡು ಕಲಿಸಿದೆ. ಹಾಡು ತೊಳೆದಿಟ್ಟ ಹಾಗಾಯಿತು. ಖುಷಿಯಿಂದ ಫೈಲು ಒಪ್ಪಿಸಿದೆ.

ಉದ್ಘಾಟನೆಗೆ ಎರಡು ದಿನವಿರುವಾಗ ಕಡಲ ದಂಡೆಯ ಊರು ಅಲ್ ಖೋರ್‌ನಿಂದ ಮುಬಾರಕ್ ಎಂಬ ವೃದ್ಧರು ಬಂದರು. ಟೇಪು ಅವರ ಮನೆಯದು. ಅದರಲ್ಲಿ ಅವರ ತಂದೆಯ ದನಿಯಿತ್ತು. ತಂದೆಯದೆಂದು ಉಳಿದದ್ದು ಅದೊಂದೇ, ಒಂದು ಫೋಟೋ ಕೂಡ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೊನೆಯ ತನಕ ಕೇಳಿ, ಮೆಲ್ಲಗೆ ಏನೋ ಅಂದರು.

“ಶೆಟ್ರೆ, ಎಂತ ಮಾಡಿದ್ದು ನೀವು?” ಹಮೀದ್ ಕಾಕನ ಮುಖ ಇಳಿದುಹೋಗಿತ್ತು. “‘ಇದ್ರಲ್ಲಿ ನನ್ನ ಬಾಬಾ ಇಲ್ಲ’ ಅಂತಿದ್ದಾರೆ ಇವ್ರು. ಬಾಬಾ ಅಂದ್ರೆ ಅಪ್ಪ.”

ಮುಬಾರಕ್ ಹೇಳುತ್ತ ಹೋದರು, ಕಾಕ ಕನ್ನಡಕ್ಕೆ ತರುತ್ತ ಹೋದರು. ಅವರ ತಂದೆಯನ್ನು ಬಾಲ್ಯದಲ್ಲೇ ಆಫ್ರಿಕದ ಕರಾವಳಿಯಿಂದ ಹಿಡಿದು ತಂದು ಮಾರಿದ್ದರಂತೆ. ಮುತ್ತಿನ ದೋಣಿಯಲ್ಲಿ ಪದ ಹಾಡುವುದು ಯಜಮಾನನ ಗಾಯಕ. ಮುತ್ತಿಗಾಗಿ ಮುಳುಗಿದವರ ಹಗ್ಗ ಹಿಡಿದ ಗುಲಾಮರಿಗೆ, ಅವರ ತಂದೆಗೂ, ಪದವಿಲ್ಲ, ಗುನುಗು ಮಾತ್ರ. ಒಂದೊಂದು ಉಸಿರಿಗೆ ಒಂದೊಂದರಂತೆ ಉದ್ದಕ್ಕೆ ಮೂರು ಗುನುಗು. ಮೂರನೆಯದು ಮುಗಿದರೆ ನೀರಿನಡಿಯವನ ಉಸಿರೂ ಮುಗಿಯಿತೆಂದು ಲೆಕ್ಕ, ಎಳೆಯಬೇಕು. ಐವತ್ತರ ದಶಕದಲ್ಲಿ ಗುಲಾಮಗಿರಿ ರದ್ದಾಯಿತು. ಹಾಡು ರೇಡಿಯೋಗೆ ಹೋಯಿತು, ಮದುವೆಗೆ ಹೋಯಿತು. ಹೋಗುವ ದಾರಿಯಲ್ಲಿ ಗುನುಗು ಬಿದ್ದುಹೋಯಿತು.

ನನ್ನ ಜಂಬ ಇನ್ನೂ ಬಿಟ್ಟಿರಲಿಲ್ಲ. “ಅದು ಕರೆಂಟಿನ ಸದ್ದು ಕಾಕ, ಇವರಿಗೆ ಹೇಳಿ” ಎಂದೆ.

ವೃದ್ಧರು ಮೊದಲ ಬಾರಿ ನಕ್ಕರು. “ಮಾಫಿ ಕಹರಬಾ.” ಕರೆಂಟೇ ಇರಲಿಲ್ಲವಂತೆ, ಕಡಲ ದಡದಲ್ಲಿ, ದೋಣಿಗೆ ಒರಗಿ ಕುಳಿತು, ಬ್ಯಾಟರಿ ರೆಕಾರ್ಡರಿಗೆ ಗೆಳೆಯರೊಬ್ಬರು ಪದ ಹಾಡಿ, ತಂದೆ ಗುನುಗಿದ್ದಂತೆ.

ನಾನು ಕಂಪ್ಯೂಟರಿನತ್ತ ತಿರುಗಿದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು, ಕೆಲಸ ಒಪ್ಪಿಸಿದ ಮೇಲೆ ಟೇಪಿನಿಂದ ಇಳಿಸಿದ ಮೂಲ ಫೈಲು ಅಳಿಸುವುದು ನಮ್ಮ ರೂಢಿ. ಟೇಪು ಪುಡಿಯಾಗಿದೆ, ಆ ಫೈಲೂ ಹೋಗಿದ್ದರೆ ಒಬ್ಬ ಮನುಷ್ಯನನ್ನೇ ಲೋಕದಿಂದ ಅಳಿಸಿದ ಹಾಗೆ. ಒಂದೊಂದೇ ಫೋಲ್ಡರ್ ತೆರೆದು ಹುಡುಕಿದೆ. ಇತ್ತು! ಸೋಮಾರಿತನದಿಂದ ಅಳಿಸದೆ ಬಿಟ್ಟಿದ್ದೆ. ಆ ಸೋಮಾರಿತನಕ್ಕೆ ಇಂದಿಗೂ ಕೈಮುಗಿಯುತ್ತೇನೆ.

ಮೊದಲಿನ ಮೂವತ್ತು ಸೆಕೆಂಡನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿದೆ. ‘ಹೂಂ’ ಎದ್ದಿತು, ಸಾಗಿತು, ನಿಂತಿತು. ಯಾರೋ ಉಸಿರೆಳೆದುಕೊಂಡರು. ಮತ್ತೆ ಎದ್ದಿತು. ಕರೆಂಟು ಉಸಿರೆಳೆದುಕೊಳ್ಳುವುದಿಲ್ಲ. ಮುಬಾರಕ್ ಕಣ್ಣು ಮುಚ್ಚಿಕೊಂಡೇ ಸ್ಪೀಕರಿನತ್ತ ಬೆರಳು ತೋರಿಸಿದರು. “ಬಾಬಾ.”

ಗುನುಗಿರುವ ಮೂಲ ಹಾಡನ್ನೇ ಹಾಕಲು ಪ್ರದರ್ಶನದ ಮುಖ್ಯಸ್ಥೆ ಮೊದಲು ಒಪ್ಪಲಿಲ್ಲ. ಸ್ಪೀಕರ್ ಕೆಟ್ಟಿದೆಯೆಂದು ಜನ ದೂರುತ್ತಾರೆ ಎಂದರು. ಹಾಗಾದರೆ ಅದೇನೆಂದು ಫಲಕದಲ್ಲೇ ಬರೆಯಿರಿ ಎಂದು ಪಟ್ಟು ಹಿಡಿದೆ. ಮುಬಾರಕ್ ಅವರ ಕತೆಯನ್ನು ಅವರ ಬಾಯಿಂದಲೇ ಕೇಳಿದ ಮೇಲೆ ಆಕೆಯೇ ಹಳೆಯ ಫಲಕ ತೆಗೆಸಿದರು. ಹೊಸದರಲ್ಲಿ ಗುಲಾಮರು ಗುನುಗಿದ ಹಾಡು ಎಂದಿತ್ತು. ಕೆಳಗೆ ಮುಬಾರಕ್ ಅವರ ತಂದೆಯ ಹೆಸರು, ಫರಜ್.

ಉದ್ಘಾಟನೆಯ ಸಂಜೆ ಪರಿಚಿತ ರಾಗ ಕೇಳಿ ಕೆಲವರು ಚಪ್ಪಾಳೆಗೆ ಕೈ ಎತ್ತಿದರು. ಅಡಿಯಿಂದ ಗುನುಗು ಏಳುತ್ತಲೇ ಕೈಗಳು ಹಾಗೇ ನಿಂತವು. ಅದೇ ಹೊತ್ತಿಗೆ ಹಮೀದ್ ಕಾಕನ ಮೊಬೈಲ್ ಅದೇ ರಾಗ ಹಾಡತೊಡಗಿತು. ಗಡಿಬಿಡಿಯಲ್ಲಿ ಅದರ ಬಾಯಿ ಮುಚ್ಚಿಸಿ, “ಇದು ಇನ್ನು ಖಲಾಸ್ ಮಾರಾಯ್ರೆ” ಎಂದು ಗೊಣಗಿದರು.

ಈಗ ಯಾವ ಟೇಪು ಬಂದರೂ ಮೊದಲು ಅದರ ಮನೆಯವರನ್ನು ಕರೆದು ಕೂರಿಸಿ ಕೇಳಿಸುತ್ತೇನೆ. ಕೊಳೆ ಯಾವುದೆಂದು ಅವರು ಹೇಳಬೇಕು, ನಾನಲ್ಲ. ಈ ಪಾಠ ಕಲಿಸಿದ್ದು ಆ ಸಂಜೆ ಸ್ಪೀಕರಿಗೆ ಆತು ನಿಂತು ತಾವೂ ಗುನುಗುತ್ತಿದ್ದ ಮುಬಾರಕ್. ತಂದೆ ಉಸಿರೆಳೆದುಕೊಂಡಲ್ಲೆಲ್ಲ ಮಗನೂ ಉಸಿರೆಳೆದುಕೊಳ್ಳುತ್ತಿದ್ದರು.